ನಕ್ಷೆಯ ನುಡಿ, ಕಟ್ಟಡದ ನಡೆ

ಯಾವುದಾದರೊಂದು ಮಹಾನಗರವು ಸಂಗೀತಭವನವನ್ನೋ ನಾಟ್ಯಮಂದಿರವನ್ನೋ ಕ್ರೀಡಾಂಗಣವನ್ನೋ ಕಟ್ಟಬೇಕೆಂದು ಸಂಕಲ್ಪಿಸಿ ಹೆಸರಾಂತ ವಾಸ್ತುಶಿಲ್ಪಿಗಳಿಂದ ಯೋಜನೆಗಳನ್ನು ಬರಮಾಡಿಕೊಂಡಾಗ, ಜನರ ಕಣ್ಣಿಗೆ ಮೊದಲು ಬೀಳುವುದು ಅಳತೆಯ ನಕ್ಷೆಯಲ್ಲ, ಒಂದು ವರ್ಣಚಿತ್ರ. ಹಳೆಯ ಮಹಾಕಾವ್ಯಗಳಿಗೆ ಅಷ್ಟಾದಶ ವರ್ಣನೆಗಳ ಕಟ್ಟಳೆ ಇದ್ದಂತೆ ಈ ಚಿತ್ರಗಳಿಗೂ ಒಂದು ಕಟ್ಟಳೆ ಉಂಟು. ಹೊತ್ತು ಸಾಮಾನ್ಯವಾಗಿ ಮುಸ್ಸಂಜೆ. ಆಕಾಶ ಇನ್ನೂ ಪೂರ್ತಿ ಕಪ್ಪಾಗಿರುವುದಿಲ್ಲ. ಕಟ್ಟಡದ ಒಳಗಿನ ದೀಪಗಳು ಮಾತ್ರ ಆಗಲೇ ಹೊತ್ತಿರುತ್ತವೆ. ಮುಂದಣ ಬಯಲಿನಲ್ಲಿ ಅವಸರವಿಲ್ಲದ ಜನ, ಅವರ ನಡುವೆ ಬಲೂನು ಹಿಡಿದ ಒಂದು ಮಗು. ನೆಲ ತುಸು ಒದ್ದೆಯಾಗಿದ್ದರೂ ಅದು ದೀಪಗಳು ಪ್ರತಿಫಲಿಸಲೆಂದೇ ಹೊರತು, ಕೊಡೆ ಹಿಡಿದವರು ಯಾರೂ ಇರುವುದಿಲ್ಲ. ಸಾಮಾನು ಇಳಿಸುವ ಲಾರಿ, ಕಸದ ಗಾಡಿ, ಟಿಕೇಟಿನ ಕಿಟಕಿಯ ಮುಂದಿನ ಸಾಲು, ಬಾಗಿಲ ಕಾವಲುಗಾರ, ಇವಾವುದಕ್ಕೂ ಅಲ್ಲಿ ಎಡೆಯಿಲ್ಲ.

ಆದರೂ ಇವನ್ನು ಬರಿಯ ಅಲಂಕಾರವೆಂದು ತಳ್ಳಿಹಾಕುವುದು ಸರಿಯಾಗದು. ಕಟ್ಟಲು ಹೊರಟವರು ನಗರಕ್ಕೆ ಕೊಡುವ ಮಾತು ಈ ಚಿತ್ರದಲ್ಲಿಯೇ ಅಡಗಿರುತ್ತದೆ. ಶಾಸನಸಭೆಯ ಸದಸ್ಯರು, ಪತ್ರಿಕೆಯವರು, ದಾನಿಗಳು ಒಪ್ಪಿಗೆ ಕೊಡುವುದು ಈ ಮಾತಿಗೆ; ಅಳತೆಯ ಹಾಳೆಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ಅವರಲ್ಲಿ ವಿರಳ. ಆದುದರಿಂದ ಒಂದು ಪ್ರಾಚೀನ ಪದ್ಯವನ್ನು ಅನ್ವಯಮಾಡಿ ಓದುವಾಗಿನ ಎಚ್ಚರದಿಂದಲೇ ಇದನ್ನೂ ಓದಬೇಕಾಗುತ್ತದೆ. ಹೇಳಿದ್ದೇನು, ಬಿಟ್ಟದ್ದೇನು, ಹೇಳಿದ್ದರಲ್ಲಿ ಲೆಕ್ಕಹಾಕಿ ಸಾಧಿಸಿಕೊಂಡದ್ದೆಷ್ಟು, ಕೇವಲ ಆಶಯವಾಗಿ ಉಳಿದದ್ದೆಷ್ಟು ಎಂದು ಬಿಡಿಸಿ ನೋಡಬೇಕಾಗುತ್ತದೆ. ಇಂತಹ ಓದಿಗೆ ಜರ್ಮನಿಯ ಹ್ಯಾಂಬರ್ಗ್ ನಗರದ ಎಲ್ಬ್‌ಫಿಲ್‌ಹಾರ್ಮನಿ ಸಂಗೀತಭವನದಷ್ಟು ಒದಗಿಬರುವ ಕಟ್ಟಡ ಇತ್ತೀಚಿನ ದಶಕಗಳಲ್ಲಿ ಅಪರೂಪ.

ಹ್ಯಾಂಬರ್ಗ್ ಎಲ್ಬ್ ನದಿಯ ದಂಡೆಯ ಬಂದರುಪಟ್ಟಣ. ಸರಕೆಲ್ಲವೂ ಕಬ್ಬಿಣದ ದೊಡ್ಡ ಪೆಟ್ಟಿಗೆಗಳಲ್ಲಿ ಸಾಗತೊಡಗಿದ ಮೇಲೆ ಅಲ್ಲಿಯ ಹಳೆಯ ಉಗ್ರಾಣಗಳಿಗೆ ಕೆಲಸವಿಲ್ಲವಾಯಿತು. ಅವುಗಳಲ್ಲೊಂದು, ನೀರಿಗೆ ಚಾಚಿದ ನೆಲದ ತುದಿಯಲ್ಲಿ ೧೯೬೩ರಿಂದ ೧೯೬೬ರವರೆಗೆ ವೆರ್ನರ್ ಕಾಲ್ಮೋರ್ಗನ್ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ ಕಟ್ಟಿದ, ಕೋಕೋ, ಚಹಾ, ತಂಬಾಕುಗಳನ್ನು ತುಂಬಿಡುತ್ತಿದ್ದ ಇಟ್ಟಿಗೆಯ ಭಾರೀ ಕಟ್ಟಡ. ಹಳೆಯ ಬಂದರನ್ನು ವಸತಿ, ವ್ಯಾಪಾರಗಳ ಹೊಸ ಬಡಾವಣೆಯಾಗಿ ಮಾರ್ಪಡಿಸುವ ಯೋಜನೆ ರೂಪುಗೊಂಡಾಗ ಆ ಸ್ಥಳದಲ್ಲಿ ಕಚೇರಿಗಳ ಗೋಪುರವೊಂದನ್ನು ಎಬ್ಬಿಸುವ ಆಲೋಚನೆ ಇದ್ದಿತು. ಅದಕ್ಕೆ ಪ್ರತಿಯಾಗಿ ಅಲೆಕ್ಸಾಂಡರ್ ಜೆರಾರ್ಡ್ ಎಂಬ ಖಾಸಗಿ ಕಟ್ಟಡ ಉದ್ಯಮಿ ಬೇರೊಂದು ಕನಸನ್ನು ಮುಂದಿಟ್ಟನು. ಸ್ವಿಟ್ಜರ್ಲೆಂಡಿನ ಹೆರ್ಝೋಗ್ ಮತ್ತು ಡೆ ಮ್ಯೂರಾನ್ ಎಂಬ ಜೋಡಿ ವಾಸ್ತುಶಿಲ್ಪಿಗಳು ಅದಕ್ಕೆ ರೂಪ ಕೊಟ್ಟರು. ೨೦೦೩ರಲ್ಲಿ ಆ ಚಿತ್ರ ಹೊರಬಿದ್ದಿತು: ಕೆಳಗೆ ಕೆಂಪು ಇಟ್ಟಿಗೆಯ ಉಗ್ರಾಣ ಇದ್ದಂತೆಯೇ ಇದೆ, ಅದರ ನೆತ್ತಿಯ ಮೇಲೆ, ಗಾಳಿಗೆದ್ದ ತೆರೆಯೊಂದು ಅಲ್ಲಿಯೇ ಹೆಪ್ಪುಗಟ್ಟಿತೋ ಎಂಬಂತೆ, ಏರಿಳಿಯುವ ಮಾಡನ್ನು ಹೊತ್ತ ಗಾಜಿನ ಭವನ. ಊರು ಆ ಚಿತ್ರಕ್ಕೆ ಮರುಳಾಯಿತು. ಮರುಳಾದದ್ದು ತಪ್ಪೆಂದು ಹೇಳಲು ಬರುವುದಿಲ್ಲ. ಹಳತನ್ನು ಕೆಡವದೆ ಅದರ ಹೆಗಲ ಮೇಲೆ ಹೊಸತನ್ನು ಕೂರಿಸುವ ಕಲ್ಪನೆಯೇ ಅಷ್ಟು ಚೆಲುವಾದುದು.

ಚಿತ್ರದೊಡನೆ ಒಂದು ಲೆಕ್ಕವೂ ಬಂದಿತ್ತು. ಭವನದೊಳಗೆ ಸಂಗೀತಶಾಲೆಯೊಂದೇ ಅಲ್ಲ, ಹೋಟೆಲೂ ಶ್ರೀಮಂತರ ವಸತಿಗಳೂ ವಾಹನ ನಿಲ್ದಾಣವೂ ಇರತಕ್ಕದ್ದು. ಇವುಗಳ ವರಮಾನದಿಂದಲೇ ಸಂಗೀತಶಾಲೆಯ ಖರ್ಚು ಹುಟ್ಟತಕ್ಕದ್ದು. ನಗರವು ನೆಲವನ್ನು ಕೊಟ್ಟರೆ ಸಾಕು. ಮಿಶ್ರಬಳಕೆಯ ಕಟ್ಟಡಗಳೆಂದು ಈಗ ಎಲ್ಲೆಡೆ ಹೇಳುವ ಮಾತಿನ ಮೂಲಮಂತ್ರವೇ ಇದು: ಲಾಭದ ಭಾಗವು ಲಾಭವಿಲ್ಲದ ಭಾಗವನ್ನು ಸಾಕುತ್ತದೆ ಎಂಬುದು. ೨೦೦೪ರ ಕೊನೆಗೆ ನಗರವೇ ಈ ಯೋಜನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. ೨೦೦೫ರ ಅಂದಾಜಿನಲ್ಲಿ ಸಾರ್ವಜನಿಕ ಬೊಕ್ಕಸದ ಪಾಲು ೭ ಕೋಟಿ ೭೦ ಲಕ್ಷ ಯೂರೋ. ಗುತ್ತಿಗೆಯ ಹೊತ್ತಿಗೆ ಅದು ೧೧ ಕೋಟಿ ೪೦ ಲಕ್ಷಕ್ಕೆ ಏರಿತು. ೨೦೦೭ರ ಏಪ್ರಿಲ್ ತಿಂಗಳಲ್ಲಿ ಅಡಿಗಲ್ಲು ಬಿದ್ದಿತು. ೨೦೧೦ರಲ್ಲಿ ಬಾಗಿಲು ತೆರೆಯುವುದಾಗಿ ಮಾತು. ಬಾಗಿಲು ತೆರೆದದ್ದು ೨೦೧೭ರ ಜನವರಿ ೧೧ರಂದು. ನಗರ ತೆತ್ತದ್ದು ೭೮ ಕೋಟಿ ೯೦ ಲಕ್ಷ ಯೂರೋ. ದಾನವೇ ಮೊದಲಾದುವೆಲ್ಲ ಸೇರಿ ಒಟ್ಟು ವೆಚ್ಚ ೮೬ ಕೋಟಿ ೬೦ ಲಕ್ಷ. ಮೊದಲು ಹೇಳಿದುದಕ್ಕೆ ಹತ್ತು ಪಟ್ಟು! ಮನೆ ಕಟ್ಟಿ ನೋಡು ಎಂದ ಹಿರಿಯರ ಮಾತು ಒಂದು ಮನೆಗೆ ಸಂಬಂಧಿಸಿದುದು. ಇಲ್ಲಿ ಇಡೀ ಊರೇ ಅದನ್ನು ಅನುಭವಿಸಿತು.

ಇದಕ್ಕೆ ಕಾರಣವೇನೆಂಬುದನ್ನು ತುಸು ವಿವರವಾಗಿಯೇ ನೋಡಬೇಕು. ಏಕೆಂದರೆ ಮಹತ್ವಾಕಾಂಕ್ಷೆಯೇ ಈ ದುಂದಿಗೆ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವವರು ಹಲವರು. ನಗರದ ಶಾಸನಸಭೆಯು ನೇಮಿಸಿದ ವಿಚಾರಣಾ ಸಮಿತಿ ೨೦೧೪ರಲ್ಲಿ ಸಲ್ಲಿಸಿದ ವರದಿ ಬೆರಳಿಟ್ಟು ತೋರಿಸಿದುದು ಬೇರೆಯದನ್ನು. ಗುತ್ತಿಗೆಗೆ ಕೊಟ್ಟಾಗ ಯೋಜನೆ ಇನ್ನೂ ಪಕ್ವವಾಗಿರಲಿಲ್ಲ. ಎಷ್ಟೋ ಭಾಗಗಳ ನಕ್ಷೆಗಳೇ ಸಿದ್ಧವಾಗಿರಲಿಲ್ಲ. ಸಿದ್ಧವಾಗದುದಕ್ಕೆ ಬೆಲೆಯನ್ನು ಮಾತ್ರ ಗೊತ್ತುಮಾಡಲಾಗಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆ ಕುಲಾವಿಯ ಅಳತೆಗೆ ಕೂಸು ಹುಟ್ಟುವುದೆಂಬ ಭರವಸೆ ಉಂಟೆ? ಇದಲ್ಲದೆ, ವಾಸ್ತುಶಿಲ್ಪಿಗಳ ಒಪ್ಪಂದ ನಗರದೊಡನೆ. ಕಟ್ಟುವ ಕಂಪನಿಯ ಒಪ್ಪಂದವೂ ನಗರದೊಡನೆ. ಅವರಿಬ್ಬರ ನಡುವೆ ಒಪ್ಪಂದವೇ ಇಲ್ಲ. ನಕ್ಷೆ ಬದಲಾದಾಗಲೆಲ್ಲ ಕಟ್ಟುವವರು ಹೆಚ್ಚಿನ ಹಣ ಕೇಳಿದರು, ಬರೆಯುವವರು ಹೆಚ್ಚಿನ ಸಮಯ ಕೇಳಿದರು, ನಡುವೆ ನಿಂತ ನಗರ ಇಬ್ಬರಿಗೂ ತೆತ್ತಿತು. ೨೦೧೧ರ ನವೆಂಬರಿನಲ್ಲಿ ಮಾಡಿನ ಭದ್ರತೆಯ ಬಗ್ಗೆ ವಿವಾದವೆದ್ದು ಕೆಲಸ ನಿಂತಿತು. ಒಂದು ವರ್ಷಕ್ಕೂ ಮಿಕ್ಕಿ ಅದು ನಿಂತೇ ಇತ್ತು. ಆಗ ನದಿಯ ಮೇಲೆ ಸಾಗುವ ದೋಣಿಗಳ ಪ್ರವಾಸಿಗರಿಗೆ ಕಂಡುದು ಮುಸ್ಸಂಜೆಯ ಚಿತ್ರವಲ್ಲ, ಅಲುಗದೆ ನಿಂತ ಕ್ರೇನುಗಳು.

೨೦೧೩ರಲ್ಲಿ ಒಪ್ಪಂದವನ್ನು ಮತ್ತೆ ಬರೆಯಲಾಯಿತು. ವಾಸ್ತುಶಿಲ್ಪಿಗಳೂ ಕಟ್ಟುವವರೂ ಒಂದೇ ಹೊಣೆಗೆ ಒಳಪಟ್ಟರು, ಬೆಲೆ ಸ್ಥಿರವಾಯಿತು, ಮುಗಿಸುವ ದಿನ ೨೦೧೬ರ ಅಕ್ಟೋಬರ್ ೩೧ ಎಂದು ಗೊತ್ತಾಯಿತು. ಆ ದಿನಕ್ಕೆ ಸರಿಯಾಗಿ ಕಟ್ಟಡ ಕೈಸೇರಿತು. ಅದೇ ವಾಸ್ತುಶಿಲ್ಪಿಗಳು, ಅದೇ ಕಂಪನಿ, ಅದೇ ತೆರೆಯಂತಹ ಮಾಡು. ಬದಲಾದುದು ಮಾತಿನ ಹೊಣೆ ಯಾರದೆಂಬುದು ಮಾತ್ರ. ಹಾಗೆ ಹೊಣೆಯನ್ನು ಹೊರಿಸಲು ನಗರವು ದುಬಾರಿ ಬೆಲೆ ತೆರಬೇಕಾಯಿತೆಂಬುದು ನಿಜವೇ. ಆದರೆ ಕನಸಿನ ಎತ್ತರವೇ ದೋಷವೆಂದು ವಾದಿಸುವವರಿಗೆ ಈ ಕೊನೆಯ ಮೂರು ವರ್ಷಗಳ ಚರಿತ್ರೆ ಸಮಾಧಾನ ಹೇಳಬೇಕಾಗುತ್ತದೆ.

ಇನ್ನು ಕಟ್ಟಡದ ಗುಣದೋಷಗಳು. ದೊಡ್ಡ ಸಭಾಂಗಣದಲ್ಲಿ ೨,೧೦೦ ಆಸನಗಳಿವೆ. ವಾದ್ಯಮೇಳವನ್ನು ಒಂದು ಕೊನೆಯಲ್ಲಿ ನಿಲ್ಲಿಸದೆ ನಡುವೆ ಕೂರಿಸಿ, ಶ್ರೋತೃಗಳನ್ನು ಸುತ್ತಲೂ ಮೆಟ್ಟಿಲುಮೆಟ್ಟಿಲಾಗಿ ಏರಿಸಲಾಗಿದೆ. ಹಾನ್ಸ್ ಷರೂನನು ೧೯೬೩ರಲ್ಲಿ ಬರ್ಲಿನ್ನಿನ ಸಂಗೀತಭವನದಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿಯನ್ನೇ ಇಲ್ಲಿ ಇನ್ನಷ್ಟು ಕಡಿದಾಗಿಸಿ ಅನುಸರಿಸಿದ್ದಾರೆ. ಪರಿಣಾಮವಾಗಿ ಸಂಗೀತನಿರ್ದೇಶಕನಿಂದ ೩೦ ಮೀಟರಿಗಿಂತ ದೂರದಲ್ಲಿ ಕುಳಿತವರು ಯಾರೂ ಇಲ್ಲ. ಗೋಡೆಗಳಿಗೆ ಹೊದಿಸಿದ ಸುಮಾರು ೧೦,೦೦೦ ಜಿಪ್ಸಮ್ ಹಲಗೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ದನಿಯು ಎಲ್ಲಿ ಚದುರಬೇಕು, ಎಲ್ಲಿ ಮರಳಬೇಕು ಎಂಬುದಕ್ಕನುಗುಣವಾಗಿ ಪ್ರತಿಯೊಂದನ್ನೂ ಬೇರೆಬೇರೆಯಾಗಿ ಕೊರೆದಿದ್ದಾರೆ. ಯಾಸುಹಿಸಾ ಟೊಯೋಟಾ ಎಂಬ ಜಪಾನೀ ಧ್ವನಿತಜ್ಞನ ಕೆಲಸವಿದು. ಕೆಲವು ವಿಮರ್ಶಕರು ಅಲ್ಲಿಯ ದನಿ ಅತಿಸ್ಪಷ್ಟ, ಕೆಮ್ಮಿದರೂ ಊರಿಗೆಲ್ಲ ಕೇಳುತ್ತದೆ ಎಂದು ಆಕ್ಷೇಪಿಸಿದ್ದುಂಟು. ಸಂಗೀತಶಾಲೆಯ ಮೇಲೆ ಹೊರಿಸಬಹುದಾದ ಆಪಾದನೆಗಳಲ್ಲಿ ಇದು ಬಹಳ ಸಣ್ಣದು.

ಮಿಶ್ರಬಳಕೆಯ ಲೆಕ್ಕ ಎಲ್ಲಿ ತಪ್ಪಿತೆಂಬುದು ಈ ಸಭಾಂಗಣದ ಅಡಿಯಲ್ಲಿಯೇ ಕಾಣಸಿಗುತ್ತದೆ. ಹೊರಗೆ ಬಂದರಿನಲ್ಲಿ ಹಡಗುಗಳ ಕೊಂಬಿನ ಕೂಗು. ಒಳಗೆ ಪಿಟೀಲಿನ ಅತಿಮಂದ್ರ ದನಿ. ಪಕ್ಕದಲ್ಲಿ ೨೪೪ ಕೊಠಡಿಗಳ ಹೋಟೆಲಿನಲ್ಲಿ ಮಲಗಿದವರ ನಿದ್ರೆ. ಒಂದು ಇನ್ನೊಂದಕ್ಕೆ ತಾಗಬಾರದು. ಅದಕ್ಕಾಗಿ ೧೨,೫೦೦ ಟನ್ನು ತೂಕದ ಇಡೀ ಸಭಾಂಗಣವನ್ನು ೩೬೨ ಉಕ್ಕಿನ ಸ್ಪ್ರಿಂಗುಗಳ ಗುಂಪಿನ ಮೇಲೆ ಕೂರಿಸಿ, ಉಳಿದ ಕಟ್ಟಡದಿಂದ ಬೇರ್ಪಡಿಸಬೇಕಾಯಿತು. ಒಂದೇ ಮಾಡಿನ ಕೆಳಗೆ ಹಲವು ಬಾಳುವೆಗಳನ್ನು ಕೂಡಿಸಿದರೆ ಖರ್ಚು ಹಂಚಿಹೋಗುವುದೆಂದು ಎಣಿಸುವವರು, ಕೂಡಿಸಿದವುಗಳನ್ನು ಮತ್ತೆ ಒಂದರಿಂದೊಂದು ದೂರವಿಡುವ ಖರ್ಚನ್ನು ಎಣಿಸುವುದಿಲ್ಲ. ಪ್ರತ್ಯೇಕ ಬಾಗಿಲು, ಪ್ರತ್ಯೇಕ ಲಿಫ್ಟು, ಬೆಂಕಿ ಬಿದ್ದರೆ ಹೊರಬರುವ ಪ್ರತ್ಯೇಕ ಮೆಟ್ಟಿಲು, ಇವು ವರ್ಣಚಿತ್ರದಲ್ಲಿ ಬರುವಂಥವಲ್ಲ. ಸಾಕುವವನೆಂದು ಕರೆತಂದ ನೆಂಟನೇ ಮನೆಯಲ್ಲಿ ಬೇರೆ ಅಡುಗೆ ಕೇಳಿದಂತಾಯಿತು.

ಹಳತರ ಹೆಗಲ ಮೇಲೆ ಹೊಸತು ಎಂಬ ಮಾತಿಗೂ ಪೂರ್ತಿ ನ್ಯಾಯ ಸಂದಿಲ್ಲ. ಹಳೆಯ ಉಗ್ರಾಣ ನಿಂತಿದ್ದುದು ನದಿಯ ಕೆಸರಿನಲ್ಲಿ ಇಳಿಸಿದ ೧,೧೧೧ ಕಾಂಕ್ರೀಟ್ ಪೈಲುಗಳ ಮೇಲೆ. ಹೊಸ ಭಾರಕ್ಕೆ ಅವು ಸಾಲದೆ ಇನ್ನೂ ೬೫೦ ಪೈಲುಗಳನ್ನು ಇಳಿಸಬೇಕಾಯಿತು. ಅದಕ್ಕಾಗಿ, ವಾಹನ ನಿಲ್ದಾಣವೇ ಮೊದಲಾದವುಗಳಿಗಾಗಿ ಉಗ್ರಾಣದ ಒಳಗನ್ನೆಲ್ಲ ಬಗೆದು ತೆಗೆದರು. ಉಳಿದದ್ದು ಇಟ್ಟಿಗೆಯ ಹೊರಗೋಡೆ. ಕಣ್ಣಿಗೆ ಹಳೆಯದು ಹೊಸದನ್ನು ಹೊತ್ತಂತೆ ಕಾಣುತ್ತದೆ. ನಿಜವಾಗಿ ಹೊತ್ತಿರುವುದು ಒಳಗೆ ಹೊಸದಾಗಿ ಎಬ್ಬಿಸಿದ ಕಟ್ಟಡ. ಚಿತ್ರ ಕೊಟ್ಟ ಮಾತುಗಳಲ್ಲಿ ಅತ್ಯಂತ ಚೆಲುವಾದ ಮಾತೇ ಅರ್ಧಸತ್ಯವಾಗಿ ಉಳಿಯಿತೆಂಬುದು ವಿಷಾದದ ಸಂಗತಿ. ವಾಸ್ತುಶಿಲ್ಪಿಗಳ ಸಮರ್ಥಕರು ಈ ವಿಷಯದಲ್ಲಿ ಮಾತು ಬೆಳೆಸದಿರುವುದು ಸಹಜವೇ.

ಆದರೆ ಇನ್ನೊಂದು ಮಾತನ್ನು ಕಟ್ಟಡ ಅಕ್ಷರಶಃ ನಡೆಸಿಕೊಟ್ಟಿತು. ಇಟ್ಟಿಗೆ ಮುಗಿದು ಗಾಜು ಆರಂಭವಾಗುವ ಸಂಧಿಯಲ್ಲಿ, ನೆಲದಿಂದ ೩೭ ಮೀಟರ್ ಎತ್ತರದಲ್ಲಿ, ಸುಮಾರು ೪,೦೦೦ ಚದರ ಮೀಟರಿನ ಒಂದು ಬಯಲನ್ನು ಬಿಟ್ಟಿದ್ದಾರೆ. ಪ್ಲಾಜಾ ಎಂದು ಅದರ ಹೆಸರು. ಊರ ಜಗಲಿ ಎಂದರೆ ಕನ್ನಡಿಗರಿಗೆ ಅರ್ಥ ಬೇಗ ತಿಳಿದೀತು. ಅಲ್ಲಿಗೆ ಏರಿಹೋಗುವ ಚಲಿಸುವ ಮೆಟ್ಟಿಲು ೮೨ ಮೀಟರ್ ಉದ್ದ. ಕಮಾನಿನಂತೆ ಬಾಗಿರುವುದರಿಂದ ಕೆಳಗೆ ನಿಂತವನಿಗೆ ತುದಿ ಕಾಣುವುದಿಲ್ಲ. ಸಂಗೀತಕ್ಕೆ ಬಂದವನೂ ಹೋಟೆಲಿಗೆ ಬಂದವನೂ ಯಾವುದಕ್ಕೂ ಅಲ್ಲದೆ ಸುಮ್ಮನೆ ಬಂದವನೂ ಕೂಡುವುದು ಇದೇ ಜಗಲಿಯಲ್ಲಿ. ಸುತ್ತಲೂ ನಡೆಯಬಹುದು; ಒಂದು ಕಡೆ ಬಂದರು, ಇನ್ನೊಂದು ಕಡೆ ಊರಿನ ಚರ್ಚುಗಳ ಗೋಪುರಗಳು ಕಾಣುತ್ತವೆ. ಸಭಾಂಗಣಕ್ಕಿಂತ ಎರಡು ತಿಂಗಳು ಮೊದಲೇ, ೨೦೧೬ರ ನವೆಂಬರಿನಲ್ಲಿ ಇದನ್ನು ಜನರಿಗೆ ತೆರೆದುಕೊಟ್ಟರು. ಆಗ ಅಲ್ಲಿಯೇ ಬಂದು ಚೀಟಿ ಪಡೆದವರಿಗೆ ಶುಲ್ಕವಿರಲಿಲ್ಲ. ಮುಂಗಡವಾಗಿ ಹೊತ್ತು ಗೊತ್ತುಮಾಡಿಕೊಳ್ಳುವವರು ಮಾತ್ರ ೨ ಯೂರೋ ಕೊಡಬೇಕಿತ್ತು. ಮೊದಲ ವರ್ಷದಲ್ಲಿ ೪೦ ಲಕ್ಷಕ್ಕೂ ಮಿಕ್ಕಿದ ಜನ ಹತ್ತಿದರು. ಸಂಗೀತ ಕೇಳಿದವರ ಸಂಖ್ಯೆ ಇದರ ಒಂದು ಸಣ್ಣ ಪಾಲು. ಶ್ರೀಮಂತರ ನಲವತ್ತೈದು ಮನೆಗಳಿಗಿಂತ ಕೆಳಗೆ ಈ ಜಗಲಿ ಇದೆಯೆಂದು ಕುಹಕವಾಡಬಹುದು. ಆದರೂ ಇಂತಹ ಕಟ್ಟಡಗಳಲ್ಲಿ ಅತ್ಯುತ್ತಮ ನೋಟವನ್ನು ದುಡ್ಡಿದ್ದವರಿಗೆ ಮಾರುವುದೇ ವಾಡಿಕೆಯಾಗಿರುವಾಗ, ಕಟ್ಟಡದ ನಡುವನ್ನೇ ಚೀಟಿಯಿಲ್ಲದವನಿಗೆ ಬಿಟ್ಟುಕೊಟ್ಟದ್ದು ಸಾಮಾನ್ಯವಲ್ಲ. ವೆಚ್ಚದ ರಂಪದಲ್ಲಿ ಏನೆಲ್ಲವನ್ನೋ ಕತ್ತರಿಸಬೇಕೆಂಬ ಕೂಗೆದ್ದಾಗಲೂ ಈ ಜಗಲಿ ಉಳಿದುಕೊಂಡಿತು.

ಹೆಸರಾಂತ ವಾಸ್ತುಶಿಲ್ಪಿಗಳ ಕಟ್ಟಡಗಳನ್ನು ದೂರದಿಂದಲೇ ಗುರುತಿಸಬಹುದು. ಪ್ರತಿಯೊಬ್ಬನಿಗೂ ಒಂದೊಂದು ಅಂಕಿತವಿದ್ದಂತೆ. ೧೯೯೭ರಲ್ಲಿ ಸ್ಪೇನಿನ ಬಿಲ್ಬಾವೊ ಪಟ್ಟಣದಲ್ಲಿ ಫ್ರಾಂಕ್ ಗೆರಿಯ ವಸ್ತುಸಂಗ್ರಹಾಲಯ ತೆರೆದ ಮೇಲೆ ಊರೂರಿಗೂ ಅಂತಹದೊಂದು ಅಂಕಿತ ಬೇಕಾಯಿತು. ವಚನಗಳ ಅಂಕಿತದಲ್ಲಿ ಸಾಮಾನ್ಯವಾಗಿ ಕಾಣುವುದು ಬರೆದವನ ಹೆಸರಲ್ಲ, ಅವನು ಯಾರಿಗೆ ಅರ್ಪಿಸಿದನೋ ಆ ಹೆಸರು. ಆ ಅರ್ಥದಲ್ಲಿ ಹ್ಯಾಂಬರ್ಗಿನ ಕಟ್ಟಡಕ್ಕೆ ತೆರೆಯಂತಹ ಮಾಡು ವಾಸ್ತುಶಿಲ್ಪಿಗಳ ಸಹಿ. ಅಂಕಿತ ಇರುವುದು ಜಗಲಿಯಲ್ಲಿ.

ಮಹಾಕೃತಿಗಳಿಗೆ ಖರ್ಚು ಮೀರುವುದು ಸಹಜ, ಕಾಲಾನಂತರದಲ್ಲಿ ಯಾರೂ ಅದನ್ನು ನೆನೆಯುವುದಿಲ್ಲ ಎಂಬ ಸಮರ್ಥನೆ ಹೊಸದಲ್ಲ. ಅದಕ್ಕೆ ಎಲ್ಲರೂ ಎತ್ತಿಕೊಳ್ಳುವ ನಿದರ್ಶನ ಆಸ್ಟ್ರೇಲಿಯದ ಸಿಡ್ನಿ ಆಪೆರಾ ಭವನ. ೧೯೫೭ರಲ್ಲಿ ೨೦೦ಕ್ಕೂ ಮಿಕ್ಕಿದ ಯೋಜನೆಗಳ ನಡುವೆ ಗೆದ್ದ ಡೆನ್ಮಾರ್ಕಿನ ಯೋರ್ನ್ ಉಟ್ಸನ್ನನದು ಆಗ ಬಹುಮಟ್ಟಿಗೆ ರೇಖಾಚಿತ್ರವೇ. ೭೦ ಲಕ್ಷ ಡಾಲರಿನ ಅಂದಾಜು ೧೦ ಕೋಟಿ ೨೦ ಲಕ್ಷಕ್ಕೆ ಮುಟ್ಟಿತು. ೧೯೭೩ರಲ್ಲಿ ಭವನ ತೆರೆಯಿತು. ಹಣದ ಬಹುಪಾಲು ಲಾಟರಿಯಿಂದ ಬಂದಿತು. ಚಿಪ್ಪುಗಳಂತಹ ಆ ಮಾಡನ್ನು ಹೇಗೆ ನಿಲ್ಲಿಸಬೇಕೆಂಬುದು ತಿಳಿಯುವ ಮೊದಲೇ, ೧೯೫೯ರಲ್ಲಿ, ತಳದ ಕೆಲಸವನ್ನು ಆರಂಭಿಸಿಬಿಟ್ಟಿದ್ದರು. ಮಾಡಿನ ಆಕಾರ ೧೯೬೧ರಲ್ಲಿ ಗೊತ್ತಾದಾಗ ಅದರ ಭಾರಕ್ಕೆ ಆಗಲೇ ಕಟ್ಟಿದ ಕಂಬಗಳು ಸಾಲವೆಂದು ಕಂಡುಬಂದಿತು. ಅವನ್ನು ಒಡೆದು ಮತ್ತೆ ಕಟ್ಟಿದರು. ೧೯೬೬ರಲ್ಲಿ ಸರಕಾರದೊಡನೆ ಮನಸ್ತಾಪವಾಗಿ ಉಟ್ಸನ್ ಊರು ಬಿಟ್ಟನು. ೨೦೦೮ರಲ್ಲಿ ತೀರಿಕೊಳ್ಳುವವರೆಗೂ ತನ್ನ ಕಟ್ಟಡ ಮುಗಿದುದನ್ನು ಅವನು ಕಣ್ಣಾರೆ ಕಾಣಲಿಲ್ಲ. ಅವನು ಹೋದ ಮೇಲೆ ಒಳಗನ್ನು ಬೇರೆಯವರು ರೂಪಿಸಿದರು. ದೊಡ್ಡ ಶಾಲೆಯನ್ನು ವಾದ್ಯಮೇಳಗಳಿಗೆ ಮೀಸಲಿಟ್ಟು ಆಪೆರಾವನ್ನು ಚಿಕ್ಕದಕ್ಕೆ ಸಾಗಿಸಿದರು. ಆಪೆರಾ ಭವನವೆಂಬ ಹೆಸರಿನಲ್ಲಿ ಆಪೆರಾಕ್ಕೇ ಇಕ್ಕಟ್ಟು! ಜಗತ್ತು ಖರ್ಚನ್ನು ಮರೆತದ್ದು ನಿಜ. ಆದರೆ ಆ ಚಿಕ್ಕ ಶಾಲೆಯಲ್ಲಿ ವಾದ್ಯದವರು ಪ್ರತಿ ರಾತ್ರಿ ಒತ್ತೊತ್ತಾಗಿ ಕುಳಿತುಕೊಳ್ಳುವುದನ್ನು ಮರೆವು ಸರಿಪಡಿಸಲಿಲ್ಲ.

ಜಪಾನಿನ ಟೋಕಿಯೋ ನಗರ ಇದಕ್ಕೆ ವಿರುದ್ಧವಾದ ಹಾದಿ ಹಿಡಿಯಿತು. ೨೦೧೨ರಲ್ಲಿ ಹೊಸ ರಾಷ್ಟ್ರೀಯ ಕ್ರೀಡಾಂಗಣಕ್ಕೆ ನಡೆದ ಸ್ಪರ್ಧೆಯಲ್ಲಿ ಇರಾಕ್ ಮೂಲದ ಝಾಹಾ ಹದೀದ್ ಗೆದ್ದಳು. ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿಯನ್ನು ೨೦೦೪ರಲ್ಲಿ ಪಡೆದ ಮೊದಲ ಮಹಿಳೆ ಅವಳು. ೮೦,೦೦೦ ಜನ ಕೂಡಬಲ್ಲ ಆ ಕ್ರೀಡಾಂಗಣದ ಮಾಡನ್ನು ಸುಮಾರು ೩೭೦ ಮೀಟರ್ ಉದ್ದದ ಎರಡು ಉಕ್ಕಿನ ಕಮಾನುಗಳು ಹೊರಬೇಕಿತ್ತು. ಮರುವರ್ಷವೇ ಹಿರಿಯ ವಾಸ್ತುಶಿಲ್ಪಿ ಫುಮಿಹಿಕೊ ಮಾಕಿ ಲೇಖನವೊಂದನ್ನು ಬರೆದು, ಮೇಜಿ ದೇಗುಲದ ಹೊರತೋಟದ ಮರಗಳ ನಡುವೆ ಇಷ್ಟು ದೊಡ್ಡ ಕಟ್ಟಡ ಸಲ್ಲದೆಂದು ಆಕ್ಷೇಪಿಸಿದನು. ಯೋಜನೆಯೊಂದರ ವಿಮರ್ಶೆ ಹೇಗಿರಬೇಕೆಂಬುದಕ್ಕೆ ಅದು ಮಾದರಿ. ಅವನು ಆಕಾರದ ಚೆಲುವನ್ನು ಜರೆಯಲಿಲ್ಲ. ಅಕ್ಕಪಕ್ಕದಲ್ಲಿ ಇರುವುದೇನು, ಆಟವಿಲ್ಲದ ದಿನಗಳಲ್ಲಿ ಆ ಗಾತ್ರದ ಗತಿಯೇನು ಎಂದು ಕೇಳಿದನು. ೧೩,೦೦೦ ಕೋಟಿ ಯೆನ್ನಿನ ಅಂದಾಜು ೨೫,೨೦೦ ಕೋಟಿಯಾದಾಗ, ೨೦೧೫ರ ಜುಲೈ ೧೭ರಂದು ಪ್ರಧಾನಿ ಶಿಂಜೊ ಆಬೆ ಯೋಜನೆಯನ್ನು ರದ್ದುಗೊಳಿಸಿದರು. ವೆಚ್ಚ ಏರಿದ್ದು ನಕ್ಷೆಯಿಂದಲ್ಲ, ನಗರದಲ್ಲಿ ಕಟ್ಟಡದ ಬೆಲೆಗಳು ಏರಿದ್ದರಿಂದ, ಗುತ್ತಿಗೆದಾರರ ನಡುವೆ ಪೈಪೋಟಿ ಇಲ್ಲದಂತೆ ಮಾಡಿದ್ದರಿಂದ ಎಂದು ಹದೀದಳ ಕಚೇರಿ ಉತ್ತರಿಸಿತು. ಆ ಉತ್ತರದಲ್ಲಿ ಹುರುಳಿತ್ತು. ಆದರೆ ಅಷ್ಟು ಹೊತ್ತಿಗೆ ಜನರ ಮನಸ್ಸಿನಲ್ಲಿ ಆ ಎರಡು ಕಮಾನುಗಳೇ ದುಂದಿನ ಗುರುತಾಗಿಬಿಟ್ಟಿದ್ದವು. ಚಿತ್ರದಿಂದ ಗೆದ್ದ ಯೋಜನೆ ಚಿತ್ರದಿಂದಲೇ ಸೋತಿತು. ೧೯೫೮ರಲ್ಲಿ ಕಟ್ಟಿದ ಹಳೆಯ ಕ್ರೀಡಾಂಗಣವನ್ನು ಅದೇ ವರ್ಷ ಕೆಡವಿ ನೆಲ ಸಮಮಾಡಿಯೂ ಆಗಿತ್ತು. ೨೦೧೯ರ ರಗ್ಬಿ ವಿಶ್ವಕಪ್ಪಿನ ಅಂತಿಮ ಪಂದ್ಯ ಯೋಕೋಹಾಮಾಕ್ಕೆ ಹೋಯಿತು.

ಎರಡನೆಯ ಸಲ ಜಪಾನೀಯರು ನಕ್ಷೆಯನ್ನು ಮಾತ್ರ ಕೇಳಲಿಲ್ಲ. ವಾಸ್ತುಶಿಲ್ಪಿಯೂ ಕಟ್ಟುವ ಕಂಪನಿಯೂ ಜೊತೆಗೂಡಿ, ಬೆಲೆಗೂ ದಿನಕ್ಕೂ ಮೊದಲೇ ಕಟ್ಟುಬಿದ್ದು ಬರಬೇಕೆಂದು ವಿಧಿಸಿದರು. ಹ್ಯಾಂಬರ್ಗ್ ಆರು ವರ್ಷ ಸೆಣಸಿ ಕಂಡುಕೊಂಡ ದಾರಿಯಿದು. ೨೦೧೫ರ ಡಿಸೆಂಬರಿನಲ್ಲಿ ಕೆಂಗೊ ಕುಮಾನ ಯೋಜನೆ ಆಯ್ಕೆಯಾಯಿತು. ೨೦೧೯ರ ನವೆಂಬರಿನಲ್ಲಿ, ಸುಮಾರು ೧೫,೭೦೦ ಕೋಟಿ ಯೆನ್ನಿನಲ್ಲಿ, ಅದು ಮುಗಿಯಿತು. ಎತ್ತರ ೫೦ ಮೀಟರಿಗೂ ಕಡಿಮೆ. ಮುಚ್ಚಿ ತೆರೆಯುವ ಮಾಡಿಲ್ಲ. ಸುತ್ತಲೂ ಸೂರುಗಳ ಸಾಲು. ಅವಕ್ಕೆ ದೇಶದ ೪೭ ಪ್ರಾಂತಗಳಿಂದಲೂ ಮರ ತರಿಸಿದರು. ಕಣ್ಣು ಕೋರೈಸುವಂಥದೇನೂ ಅದರಲ್ಲಿಲ್ಲ. ಹದೀದಳ ರೇಖೆಗಳಲ್ಲಿದ್ದ ಓಟ, ಹಾರಲು ಹವಣಿಸುವ ಉಸಿರು ಇಲ್ಲಿ ಕಾಣಿಸದು. ಅದನ್ನು ನಷ್ಟವೆಂದು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಮಿತವ್ಯಯದ ಪಕ್ಷಪಾತಿಗಳಲ್ಲಿ ಇರಬೇಕು. ಹದೀದ್ ೨೦೧೬ರ ಮಾರ್ಚ್ ೩೧ರಂದು ತೀರಿಕೊಂಡಳು. ಅವಳ ಟೋಕಿಯೋ ಕ್ರೀಡಾಂಗಣ ಮುಸ್ಸಂಜೆಯ ಚಿತ್ರಗಳಲ್ಲಿಯೇ ಉಳಿಯಿತು.

ಕುಮಾ ತನ್ನ ಕ್ರೀಡಾಂಗಣದ ಆಸನಗಳಿಗೆ ಒಂದೇ ಬಣ್ಣ ಕೊಡಲಿಲ್ಲ. ಬಿಳಿ, ಹಸಿರು, ಬೂದು, ಕಂದು ಹೀಗೆ ಐದು ಬಣ್ಣಗಳನ್ನು ಕಲಸಿ ಚೆಲ್ಲಿದಂತೆ, ಮರಗಳ ಎಲೆಗಳ ಸಂದಿನಿಂದ ಬಿಸಿಲು ಬಿದ್ದ ನೆಲದಂತೆ, ಅವನ್ನು ಹರಡಿಸಿದನು. ಮಹಾಮಾರಿಯ ಕಾರಣದಿಂದ ಒಂದು ವರ್ಷ ಮುಂದಕ್ಕೆ ಹೋದ ಒಲಿಂಪಿಕ್ ಕ್ರೀಡೆಗಳು ೨೦೨೧ರಲ್ಲಿ ಅಲ್ಲಿ ನಡೆದಾಗ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. ಆ ಬಣ್ಣಗಳ ಚೆಲ್ಲಾಟದಿಂದಾಗಿ, ದೂರದಿಂದ ನೋಡಿದವರಿಗೆ ೬೮,೦೦೦ ಖಾಲಿ ಆಸನಗಳಲ್ಲಿ ಜನ ತುಂಬಿದ್ದಂತೆ ಕಂಡಿತು.